ಕಳೆದ ಮೂವತ್ತು ದಿನ

ಶಂಕರಪುರದ ಸೆವೆರಿನ್ ಬಾಯಿ
ಮೊಗ್ಗು ಎಣಿಸುವುದು ಕಣ್ಣಿನಿಂದಲ್ಲ.
ಮಾತಾಡುತ್ತ, ನಾಯಿಗೆ ಗದರುತ್ತ, ಬಾಳೆನಾರಿನಲ್ಲಿ
ಎಂಟುನೂರು ಮುಗಿದಾಗ ಬೆರಳು ತಾನೇ ನಿಲ್ಲುತ್ತದೆ.
ಅದು ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ.

ನಾನು ಟ್ಯಾಬ್ ತೆರೆದು ಕೇಳಿದೆ:
ಕಳೆದ ಮೂವತ್ತು ದಿನಗಳಲ್ಲಿ
ಕುಟುಂಬದ ಒಟ್ಟು ಆದಾಯ ಎಷ್ಟು?

"ಯಾವ ಮೂವತ್ತು?" ಎಂದರು.
"ಮೊನ್ನೆ ಅಟ್ಟೆಗೆ ಎಂಟುನೂರೈವತ್ತು,
ನಿನ್ನೆ ನೂರಾ ನಲವತ್ತು,
ಇವತ್ತಿನದು ಕಟ್ಟೆಯಲ್ಲಿ ಇನ್ನೂ ಹೇಳಿಲ್ಲ.
ಆಟಿಯಲ್ಲಿ ಬಂದಿದ್ದರೆ ನೀವು
ಗತಿಯಿಲ್ಲದವಳು ಅಂತ ಬರೆಯುತ್ತಿದ್ದಿರಿ,
ಮದುವೆ ತಿಂಗಳಲ್ಲಿ ಬಂದಿದ್ದರೆ ಸಾವ್ಕಾರ್ತಿ."

ಚೌಕದಲ್ಲಿ ಒಂದೇ ಸಂಖ್ಯೆಗೆ ಜಾಗ.

ಜಗಲಿಯಿಂದ ಗಂಡ, ಪೇಪರಿನ ಹಿಂದಿನಿಂದ:
"ನಾಲ್ಕು ಸಾವಿರ ಬರೆಯಿರಿ ಮೇಡಂ, ಕಾರ್ಡು ಹೋದರೆ ಕಷ್ಟ."
ಬಾಯಿಯ ಬೆರಳು ನಿಲ್ಲಲಿಲ್ಲ,
ಹುಬ್ಬು ಮಾತ್ರ ಒಮ್ಮೆ ಮೇಲೆ ಹೋಗಿ ಬಂತು.
ಅದಕ್ಕೆ ಕೋಡ್ ಇಲ್ಲ.

ಕುವೈಟಿನ ತಂಗಿಯಿಂದ ಏನಾದರೂ?
"ಅದು ಆದಾಯ ಎಂತದು, ಅದು ಅವಳು ಕಳಿಸುವುದು."
ಗೊಬ್ಬರ, ಹಿಂಡಿಯ ಖರ್ಚು?
"ಹೂವಿನವರು ಮುರಿದೇ ಕೊಡುವುದು."
ಹೂ ಕಟ್ಟಲು ಬರುವ ಅಪ್ಪಿಗೆ ಕೂಲಿ?
ಇಬ್ಬರೂ ನಕ್ಕರು.
ಅಪ್ಪಿ ತಂದ ಬೂತಾಯಿ ಒಳಗೆ ಬೇಯುತ್ತಿತ್ತು,
ಈ ಮನೆಯ ಎರಡು ತೆಂಗಿನಕಾಯಿ ಅವಳ ಚೀಲದಲ್ಲಿ.
ಯಾರು ಯಾರಿಗೆ ಕೊಡಬೇಕೆನ್ನುವುದು
ಅತ್ತೆಯ ಕಾಲದಿಂದಲೂ ಬಾಕಿ ಉಂಟಂತೆ.

ಸೊನ್ನೆ ಒತ್ತಿದರೆ ಯಂತ್ರ ಕೆಂಪಾಗುತ್ತದೆ,
'ಗೊತ್ತಿಲ್ಲ' ಒತ್ತಿದರೆ ಸೂಪರ್‌ವೈಸರ್.
ಬಿಸಿಲೇರಿತ್ತು, ಇನ್ನೂ ಏಳು ಮನೆ.
ಫಾರ್ಮಿಗೆ ಅರವತ್ತರಂತೆ ನನಗೆ ಸಂಬಳ,
ಅದೂ ಚೌತಿಯಿಂದ ಈಚೆ ಬಂದಿಲ್ಲ.
ಏಳು ಸಾವಿರದ ಐನೂರು ಎಂದು ಬರೆದೆ.
ಅಲ್ಲಿ ಯಾರೂ ಹೇಳದ ಸಂಖ್ಯೆ.
ಯಂತ್ರ ಹಸಿರಾಯಿತು.

ಚಪ್ಪಲಿ ಮೆಟ್ಟುವಾಗ ಬಾಯಿ ಕರೆದು
ಗೇಣುದ್ದ ಕತ್ತರಿಸಿ ಜಡೆಗೆ ಮುಡಿಸಿದರು.
ಇದು ಅವರ ಖರ್ಚೋ, ನನ್ನ ಆದಾಯವೋ?
ಕಾಪುವಿನ ಬಸ್ಸಿನಲ್ಲಿ ನಿಂತು
ಪುಟ ಪುಟ ಹುಡುಕಿದೆ, ಆ ಪ್ರಶ್ನೆಯೇ ಇಲ್ಲ.

ರಾತ್ರಿ ಮುಡಿಯಿಂದ ತೆಗೆದು ಎಣಿಸತೊಡಗಿದೆ.
ನೂರ ಹನ್ನೊಂದರ ಬಳಿ
ಉಪ್ಪೆಲ್ಲಿ ಎಂದು ಇವರು ಕೂಗಿದರು.
ತಿರುಗಿ ಬಂದು ನೋಡಿದರೆ ಅರ್ಧಕ್ಕರ್ಧ ಅರಳಿದ್ದವು,
ಎಲ್ಲಿಂದ ಬಿಟ್ಟಿದ್ದೆನೋ ತಿಳಿಯಲಿಲ್ಲ.