ಒಳಗೆ ಸಿಕ್ಕ ಗಾಳಿ

ಪೀಣ್ಯ ಎರಡನೇ ಹಂತ, ಬ್ಯಾಂಡೇಜು ಸುತ್ತುವ ಶೆಡ್ಡು.
ಮೂಲೆಯಲ್ಲಿ ಮರಿಯಾನೆಯಷ್ಟು ಆಟೋಕ್ಲೇವು,
ಪಕ್ಕದ ಗೋಡೆಗೆ ನಾನು ಮೊಳೆ ಹೊಡೆದು ಕೂರಿಸಿದ
ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ.
ಒಳಗೊಂದು ಚಿಪ್, ಎಸ್.ಪಿ. ರೋಡಿನಲ್ಲಿ
ಚೌಕಾಸಿ ಮಾಡಿ ತಂದದ್ದು, ನೂರಾ ನಲವತ್ತಕ್ಕೆ.

ಅದಕ್ಕೆ ಎರಡೇ ಇಂದ್ರಿಯ:
ಒಂದು ತಂತಿ ಬಿಸಿ ಮುಟ್ಟುತ್ತದೆ,
ಒಂದು ಬಿಲ್ಲೆ ಒತ್ತಡಕ್ಕೆ ಬಾಗುತ್ತದೆ.
ಕಾವಲಿಗೊಂದು ನಾಯಿ ಇದೆ ಒಳಗೇ,
ಸೆಕೆಂಡಿಗೊಮ್ಮೆ ತುತ್ತು ಹಾಕದಿದ್ದರೆ
ಎಲ್ಲ ಮರೆಸಿ ಮೊದಲಿಂದ ಶುರು ಮಾಡಿಸುತ್ತದೆ.

ಬರೆದುಕೊಟ್ಟಿದ್ದೆ: ಹದಿನೈದು ಪೌಂಡು, ನೂರಾ ಇಪ್ಪತ್ತೊಂದು ಡಿಗ್ರಿ,
ಇಪ್ಪತ್ತು ನಿಮಿಷ. ಆಮೇಲೆ ಬಜರ್.
ಪುಸ್ತಕದಲ್ಲಿ ಆ ಎರಡು ಅಂಕಿ
ಒಂದೇ ತಟ್ಟೆಯಲ್ಲಿ ಉಂಡವರು.

ಇಲ್ಲಿ ಬೇರೆಯಾಗಿದ್ದರು.
ಒತ್ತಡ ಹದಿನೈದಕ್ಕೆ ಬಂದು ನಿಂತಿತು.
ಬಿಸಿ ನೂರಾ ಹನ್ನೆರಡರಲ್ಲಿ ಕೂತುಬಿಟ್ಟಿತು,
ಏಳು ಎಂದರೆ ಏಳದು.

ಮೂರು ದಿನ.
ತಂತಿ ಬದಲಿಸಿದೆ. ಬೆಸುಗೆ ಬಿಚ್ಚಿ ಮತ್ತೆ ಬೆಸೆದೆ.
ಪ್ರೋಗ್ರಾಮಿನ ಸಾಲುಸಾಲಿಗೂ ಟಾರ್ಚು ಬಿಟ್ಟೆ.
ಒಂಬತ್ತು ಡಿಗ್ರಿ ಸುಮ್ಮನೆ ಕೂಡಿಸಿಬಿಡೋಣ ಅನ್ನಿಸಿತ್ತು ಒಮ್ಮೆ,
ಒಂದೇ ಸಾಲು, ಯಾರಿಗೆ ಗೊತ್ತಾಗುತ್ತೆ.
ಗಾಯಕ್ಕೆ ಗೊತ್ತಾಗುತ್ತೆ.

ಲೂರ್ದಮ್ಮ ಬುಟ್ಟಿ ಇಳಿಸಿ ನೋಡುತ್ತ ನಿಂತಿದ್ದರು.
ಹತ್ತೊಂಬತ್ತು ವರ್ಷ ಈ ಬಾಗಿಲಿನ ತಿರುಪು ತಿರುವಿದ ತೋಳು.
"ಸಾರ್, ಮನೇಲಿ ಕುಕ್ಕರ್ ಇಟ್ಟಿದೀರಾ ಯಾವತ್ತಾದ್ರೂ?"
"ಇಟ್ಟಿದೀನಿ."
"ಆವಿ ಬರೋಕ್ ಮುಂಚೇನೇ ವೆಯ್ಟ್ ಹಾಕ್ತಾರಾ?"

ಸುಮ್ಮನಿದ್ದೆ. ನಾನು ಹಾಕುವವನೇ.

ಮೇಲಿನ ಹಿತ್ತಾಳೆ ಕಾಕು ಅರ್ಧ ಸುತ್ತು ಬಿಚ್ಚಿದರು.
ಉಸ್ಸೆಂದಿತು. ಮೊದಲು ಕಾಣದ ಉಸಿರು,
ಆಮೇಲೆ ಹಾಲಿನಂಥ ಬಿಳುಪು.
ದೂರದಿಂದಲೇ ಕೈಯ ಹಿಂಬದಿ ಒಡ್ಡಿ
ಈಗ ಸಾಕು, ಅಂದು ಮುಚ್ಚಿದರು.
ಕೆಂಪು ಅಂಕಿ ಏಳತೊಡಗಿತು:
ನೂರಾ ಹದಿನಾಲ್ಕು, ಹದಿನೇಳು,
ಇಪ್ಪತ್ತೊಂದು.

ಯಾರೂ ಸುಳ್ಳು ಹೇಳಿರಲಿಲ್ಲ.
ತಂತಿ ಹೇಳಿದ್ದೂ ನಿಜ, ಬಿಲ್ಲೆ ಹೇಳಿದ್ದೂ ನಿಜ.
ಇಬ್ಬರ ನಡುವೆ ಬೆಳಗಿನ ಗಾಳಿ ಕೂತಿತ್ತು,
ಬಾಗಿಲು ಹಾಕುವಾಗ
ಯಾರೂ ಅದಕ್ಕೆ ಏಳು ಅನ್ನಲಿಲ್ಲ ಅಂತ.

ಕಾಕಿನ ಜಾಗದಲ್ಲಿ ಸೊಲೆನಾಯ್ಡ್ ಕೂರಿಸಿದೆ. ನಾಲ್ಕು ಸಾಲು ಸೇರಿಸಿದೆ:
ಶುರುವಿಗೆ ಎರಡು ನಿಮಿಷ ತೆರೆ,
ಅಂಕಿಗಳು ಜಗಳಕ್ಕೆ ನಿಂತರೆ ಮತ್ತೆ ತೆರೆ.
ಮೇಲೊಂದು ಕಾಮೆಂಟು: ಲೂರ್ದಮ್ಮ ಹೇಳಿದ್ದು, ಅಳಿಸಬೇಡಿ.

"ನನ್ ಹೆಸ್ರು ಆ ಡಬ್ಬೀಲಿದ್ಯಾ? ತೋರ್ಸಿ."
ಇಲ್ಲ ಲೂರ್ದಮ್ಮ. ಕಾಮೆಂಟು ಚಿಪ್‌ಗೆ ಇಳಿಯುವುದಿಲ್ಲ.
ಯಂತ್ರಕ್ಕೆ ಬೇಡದ್ದು ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತದೆ.
"ಮತ್ತೆ ಏನ್ ಹೋಗತ್ತೆ?"

ಮಾಲೀಕರು ಬಿಲ್ಲಿನಲ್ಲಿ ಎಂಟುನೂರು ಮುರಿದುಕೊಂಡರು, ಮೂರು ದಿನ ತಡ ಅಂತ.
ಬ್ಯಾಗು ಹೆಗಲಿಗೇರಿಸಿ ಜಾಲಹಳ್ಳಿ ಕ್ರಾಸಿನ ಕಡೆ ಹೊರಟಾಗ
ಬೆನ್ನ ಹಿಂದೆ ಉಸ್ ಎಂದಿತು.
ತಿರುಗಿ ನೋಡಿದೆ.
ಆಕೆ ಏನೂ ಮುಟ್ಟಿರಲಿಲ್ಲ,
ಟೀ ಲೋಟ ಹಿಡಿದು
ಎಣಿಸುತ್ತಿದ್ದರು.