ಗಂಟಿನ ಕೆಳಗಿನ ಮರ

ಕುವೊಪಿಯೊ ಪೇಟೆಯಿಂದ ಅದನ್ನು
ಬಸ್ಸಿನ ಕೊನೆಯ ಸೀಟಿನಲ್ಲಿ ಕೂರಿಸಿಕೊಂಡು ತಂದೆ,
ಸೊಂಟದೆತ್ತರದ ಪ್ಲಮ್ ಸಸಿ.
ಕೊರಳಲ್ಲಿ ಚೀಟಿ: ನೀಲಿ ಹಣ್ಣು, ಬಲು ಸಿಹಿ, ಚಳಿ ತಡೆಯುತ್ತದೆ.
ಎಷ್ಟು ಚಳಿ ಅಂತ ಚೀಟಿ ಹೇಳಲಿಲ್ಲ.
ನಾನೂ ಕೇಳಲಿಲ್ಲ. ಬಸ್ಸು ಓಡಿಸುವವಳು,
ಚೀಟಿಯಲ್ಲಿ ಅಚ್ಚಾದದ್ದನ್ನು ನಂಬುವವಳು.

ಸೌನಾದ ತೆಂಕಣ ಗೋಡೆಗೆ ಆನಿಸಿ ನೆಟ್ಟೆ.
ಬೇಲಿಯಾಚೆ ಸೌದೆ ಸೀಳುತ್ತಿದ್ದ ತೌನೊ
ಕೊಡಲಿ ತಡೆದು ಕೇಳಿದ: 'ಕಸಿಯೋ?'
'ಹೂಂ, ಕಸಿ.'
ಮತ್ತೆ ಸೀಳತೊಡಗಿದ.
ಆ ಬೇಸಗೆಯ ನಮ್ಮ ಮಾತು ಅಷ್ಟೇ.

ಮೊಲ ಬಂತು, ಬಲೆ ಸುತ್ತಿದೆ.
ಹಿಮದಡಿ ಇಲಿ ಬಂತು,
ಕುಂಬಾರ ಮಣ್ಣು ತುಳಿದಂತೆ
ಬುಡದ ಸುತ್ತ ಹಿಮ ತುಳಿದು ಗಟ್ಟಿ ಮಾಡಿದೆ.
ಆದರೆ ಮಾರ್ಚಿನ ಬಿಸಿಲಿದೆಯಲ್ಲ,
ಅದರಷ್ಟು ನಂಬಿಕೆಗೇಡಿ ಇನ್ನೊಂದಿಲ್ಲ:
ಹಗಲೆಲ್ಲ ತೊಗಟೆಯ ಮೈ ಸವರಿ ಎಬ್ಬಿಸಿ
ಇರುಳಿಗೆ ಕೈಬಿಟ್ಟು ಹೋಗುತ್ತದೆ.
ಕಾಂಡಕ್ಕೆ ಸುಣ್ಣ ಬಳಿದೆ.

ನಾಲ್ಕನೆಯ ವರ್ಷ ಹನ್ನೊಂದು ಹೂ.
ಕಂಬಳಿ ಹೊದ್ದ ಒಂದೇ ಒಂದು ದುಂಬಿ
ಒಂದೊಂದರ ಬಾಗಿಲನ್ನೂ ತಟ್ಟಿ ಹೋಯಿತು.
ಸೆಪ್ಟೆಂಬರಿಗೆ ಎರಡು ಹಣ್ಣು, ಒಂದರಲ್ಲಿ ಹುಳ.
ಇನ್ನೊಂದನ್ನು ಸ್ಟಿಯರಿಂಗಿನ ಮುಂದಿಟ್ಟು
ಇಡೀ ದಿನ ಶಾಲೆಯ ಮಕ್ಕಳಿಗೆ ತೋರಿಸಿ
ರಾತ್ರಿ ತಿಂದೆ.
ಬೀಜ ಇನ್ನೂ ಕೋಟಿನ ಜೇಬಿನಲ್ಲಿದೆ.

ಐದನೆಯ ಚಳಿಗಾಲ ಮೈನಸ್ ಮೂವತ್ತೆಂಟು.
ಒಂದಲ್ಲ, ಒಂಬತ್ತು ರಾತ್ರಿ.
ಟ್ಯಾಂಕಿನಲ್ಲಿ ಡೀಸೆಲ್ ಗಿಣ್ಣಾಯಿತು.
ಮೇ ತಿಂಗಳಲ್ಲಿ ಉಗುರಿನಿಂದ ತೊಗಟೆ ಕೆರೆದೆ:
ಹಸಿರಿಲ್ಲ, ಕಷಾಯದ ಬಣ್ಣ.
ಕಸಿ ಕಟ್ಟಿದ್ದನ್ನು ಚಳಿ ಕಸಿದುಕೊಂಡಿತ್ತು.

ಜೂನಿನಲ್ಲಿ ಬುಡದಿಂದ ನಾಲ್ಕು ಚಿಗುರು!
ಬದುಕಿದೆ, ಬದುಕಿದೆ ಅಂತ ಕೂಗಿದೆ.
ತೌನೊ ಮೊದಲ ಸಲ ಬೇಲಿ ದಾಟಿ ಬಂದ.
ಮೊಣಕಾಲೂರಿ, ಮಣ್ಣು ಸರಿಸಿ, ಬೆರಳಿಟ್ಟ.
'ಗಂಟಿನ ಕೆಳಗಿಂದ ಬಂದದ್ದು ಇದು.
ನಿನ್ನ ಮರವಲ್ಲ. ನಿನ್ನ ಮರವನ್ನು ಹೊತ್ತಿದ್ದ ಮರ.'

ಐದು ವರ್ಷ ಹೆಗಲು ಕೊಟ್ಟದ್ದರ ಹೆಸರು
ಚೀಟಿಯಲ್ಲಿ ಇರಲಿಲ್ಲ.

ಶರತ್ಕಾಲದಲ್ಲಿ ಬಕೆಟ್ಟಿನಲ್ಲಿ ತಂದುಕೊಟ್ಟ,
ಅವನ ಹಳದಿ ಪ್ಲಮ್ಮಿನ ಬೇರುಕಂದು.
'ಕಸಿಯಿಲ್ಲ, ಗಂಟಿಲ್ಲ, ಹೆಸರೂ ಇಲ್ಲ.
ಮೇಲೆ ಸತ್ತರೂ ಕೆಳಗಿರುವುದು ಇದೇ.'
ಬದಲಿಗೆ ಏನು ಕೊಡಲಿ ಅಂದೆ.
'ಬುಧವಾರ ಆಸ್ಪತ್ರೆಗೆ ಹೋಗಬೇಕು.
ಬಸ್ಸು ನನ್ನ ಗೇಟಿನ ಮುಂದೆ ನಿಲ್ಲಿಸು.'

ಕಂದು ನೆಟ್ಟೆ. ಆಮೇಲೆ
ಹಳೆಯ ಬುಡದ ಮುಂದೆ ಕೊಡಲಿ ಹಿಡಿದು ನಿಂತೆ.
ತುಂಬ ಹೊತ್ತು ನಿಂತೆ.
ಅಂಗೈ ಚಳಿಗೆ ಮರಗಟ್ಟಿತು, ಒಳಗೆ ಬಂದೆ.

ಈಗ ಎರಡೂ ಒಟ್ಟಿಗೆ ಹೂಬಿಡುತ್ತವೆ.
ಹಳದಿಗೆ ಕಾಯಿ ಕಟ್ಟಲು ಜೊತೆ ಬೇಕಿತ್ತಂತೆ,
ತೌನೊ ಮೊದಲೇ ಹೇಳಬಹುದಿತ್ತು.
ಮುಳ್ಳಿನದೂ ಕಾಯಾಗಿದೆ, ಗೋಲಿಯಷ್ಟು ಕಪ್ಪುನೀಲಿ,
ಬಾಯಿಗಿಟ್ಟರೆ ಕಿವಿಯವರೆಗೂ ಒಗರು.

ಬುಧವಾರ. ಸಸಿ ಕೂತಿದ್ದ ಅದೇ ಕೊನೆಯ ಸೀಟು.
ಒಂದು ಮುಷ್ಟಿ ಕೊಟ್ಟೆ.
ಕನ್ನಡಿಯಲ್ಲಿ ನೋಡುತ್ತಿದ್ದೇನೆ:
ಅಗಿದ, ಮುಖ ಕಿವುಚಲಿಲ್ಲ,
ಬೀಜ ಕರವಸ್ತ್ರಕ್ಕೆ ಉಗಿದು ಮಡಿಸಿದ.
ಸೇತುವೆ ದಾಟಿದ ಮೇಲೆ ಕೇಳಿದ:
'ಮನೆಯಲ್ಲಿ ಸಕ್ಕರೆ ಎಷ್ಟಿದೆ?'