ಎಡಗೈ ಸುತ್ತು

ಇವತ್ತು ವಾರದ ರಜೆ.
ಬೆಳಿಗ್ಗೆಯೇ ಕೆಳಗಿನಿಂದ ಸಾವಂತ್ರಮ್ಮನ ಕೂಗು:
"ಕಂಡಕ್ಟ್ರಮ್ಮಾ, ನಿಮ್ಮ ಬಚ್ಚಲು ನಮ್ಮ ದೇವರ ಮೇಲೆ ತೊಟ್ಟಿಕ್ತಾ ಇದೆ."

ಇಳಿದು ಹೋಗಿ ನೋಡಿದೆ. ದೇವರ ಗೂಡಿನ ಮೇಲೆ ಸೀಲಿಂಗಿನಲ್ಲಿ
ಹರಿವಾಣದಷ್ಟು ಒದ್ದೆ, ಅಂಚಿಗೆ ಹಳದಿ ಗೆರೆ.
ನೆನೆದ ಬತ್ತಿ ಹೊತ್ತಿಕೊಳ್ಳದೆ ಚಿಟಚಿಟ ಅನ್ನುತ್ತಿತ್ತು.
ಅಡ್ವಾನ್ಸಿನಲ್ಲಿ ಮುರಿದುಕೊಳ್ತೀನಿ ಅಂದರು, ಕಾಫಿಯನ್ನೂ ಕೊಟ್ಟರು.

ಆರೋಗ್ಯಸ್ವಾಮಿಗೆ ಫೋನು ಮಾಡಿದೆ.
"ಬಂದೆ ಅಕ್ಕಾ, ನಂದಿನಿ ಲೇಔಟಲ್ಲಿದೀನಿ."
ಮೂರು ಗುರುವಾರದಿಂದ ಅವನು ನಂದಿನಿ ಲೇಔಟಿನಲ್ಲೇ ಇದ್ದಾನೆ.

ಬಚ್ಚಲ ಮೂಲೆ, ಹಂಡೆಯ ಹಿಂದೆ, ಆ ಗೇಟ್ ವಾಲ್ವು;
ಕೆಂಪು ಚಕ್ರಕ್ಕೆ ಈಗ ತುಕ್ಕಿನದೇ ಬಣ್ಣ.
ಅದರ ಬುಡದಲ್ಲಿ ಒಂದು ಹನಿ ಮೂಡುತ್ತದೆ,
ದಪ್ಪವಾಗುತ್ತದೆ, ಯೋಚಿಸುತ್ತದೆ, ಬೀಳುತ್ತದೆ.
ಎಣಿಸಿದೆ. ನಿಮಿಷಕ್ಕೆ ಇಪ್ಪತ್ತೆರಡು.
ಎಣಿಸುವುದೇ ನನ್ನ ಕಸುಬು. ಹನ್ನೊಂದು ವರ್ಷದಿಂದ
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟು
ಇಳಿಯುವಾಗ ಕೇಳಿ ಅನ್ನುವವಳು ನಾನು.
ಕೇಳದೆ ಇಳಿದುಹೋದವರ ಎರಡೆರಡು ರೂಪಾಯಿ
ಈಗ ಬಕೆಟ್ಟಿಗೆ ಬೀಳುತ್ತಿದೆ, ಟಪ್, ಟಪ್.

ಕುರುಬರಹಳ್ಳಿ ಸರ್ಕಲ್ಲಿನ ಭವರ್‌ಲಾಲ್ "ಸ್ಪ್ಯಾನರ್ ಇದೆಯಾ?" ಎಂದು
ನನ್ನ ಬೆನ್ನ ಹಿಂದೆ ಗಂಡಸರನ್ನು ಹುಡುಕಿದ.
ಯಾರೂ ಇರಲಿಲ್ಲ. ಹನ್ನೆರಡಿಂಚಿನದನ್ನು ಬಾಡಿಗೆಗೆ ಕೊಟ್ಟ,
ಮೂವತ್ತು ರೂಪಾಯಿ, ಆರು ಗಂಟೆಯೊಳಗೆ ವಾಪಸು.
ಒಂದುಂಡೆ ನೂಲು, ಬಿಳಿ ಟೇಪು,
ಬಿಟ್ಟಿಯಾಗಿ ಒಂದು ಬುದ್ಧಿಮಾತು:
"ಮರೆ ಹೋಗದ ಹಾಗೆ ನೋಡ್ಕೊಳ್ಳಿ."

ಮರೆ ಅಂದರೆ ನಟ್ಟಿನೊಳಗೆ ಸುತ್ತಿ ಸುತ್ತಿ ಇಳಿಯುವ ಗೆರೆ.
ಮರೆ ಅಂದರೆ ಬಚ್ಚಲ ಬಾಗಿಲಿಗೆ ಕಟ್ಟಿದ ಹಳೆ ಸೀರೆ.
ಮರೆ ಅಂದರೆ, ಅದೇ, ಎಲ್ಲರೂ ಎಲ್ಲರಿಗೂ ಹೇಳುವುದು;
ನನಗೂ ಹೇಳಿದ್ದರು, ಕೋರ್ಟಿನ ಮೆಟ್ಟಿಲ ಮೇಲೆ, ಬಹಳ ಜನ.

ಟ್ಯಾಂಕಿನ ನೀರು ನಿಲ್ಲಿಸಿ ಬಂದೆ.
ನಟ್ಟು ಅಲುಗಲಿಲ್ಲ. ತೆಂಗಿನೆಣ್ಣೆ ಬಿಟ್ಟೆ, ಬೈದೆ,
ಬ್ರೇಕ್ ಬಿದ್ದಾಗ ಕಂಬಿಗೆ ಆನಿಕೊಳ್ಳುವ ಹಾಗೆ
ಸ್ಪ್ಯಾನರಿಗೆ ಇಡೀ ಮೈಭಾರ ಕೊಟ್ಟೆ.
ಕಿರ್ ಎಂದಿತು.

ಒಳಗೆ ನೂಲಿರಲಿಲ್ಲ.
ಸೀರೆಯ ಅಂಚು. ಬೆರಳಗಲ ಹರಿದದ್ದು,
ಗಿಳಿಹಸಿರು, ನಡುವೆ ಒಂದೆಳೆ ಜರಿ,
ಬಾಣಂತಿಯ ಸೊಂಟಕ್ಕೆ ಸುತ್ತಿದಷ್ಟು ಬಿಗಿ, ಅಷ್ಟು ಅಚ್ಚುಕಟ್ಟು.
ಆದರೆ ಉಲ್ಟಾ.
ನಟ್ಟು ಬಿಗಿಯುವ ಕಡೆಗಲ್ಲ, ಬಿಚ್ಚುವ ಕಡೆಗೆ.
ಬಲಗೈಯಲ್ಲಿ ಸುತ್ತಿ ನೋಡಿದೆ, ಹಾಗೆ ಬರಲಿಲ್ಲ.
ಎಡಗೈಗೆ ಕೊಟ್ಟೆ.
ಬಂತು.

ಎಡಚಿ.
ಇದೇ ಬಚ್ಚಲಲ್ಲಿ ಹೀಗೇ ಕುಕ್ಕರುಗಾಲಲ್ಲಿ ಕೂತು
ಸೀರೆಯಂಚನ್ನು ಹಲ್ಲಲ್ಲಿ ಕಚ್ಚಿ ಹರಿದವಳು.
ಅವಳಿಗೂ ಯಾವನಾದರೂ "ಬಂದೆ ಅಕ್ಕಾ" ಅಂದಿದ್ದನೇ?
ಬಿಗಿದಷ್ಟೂ ಒಳಗೊಳಗೇ ಸಡಿಲುವ ಕಟ್ಟು,
ಅದೂ ಇಷ್ಟು ವರ್ಷ ತಡೆದಿತ್ತಲ್ಲ.

ಕಿಟಕಿಯಿಂದ ಬಗ್ಗಿ ಕೇಳಿದೆ: "ನನಗಿಂತ ಮುಂಚೆ ಯಾರಿದ್ರು ಇಲ್ಲಿ?"
"ಯಾರ್ಯಾರೋ," ಅಂದರು ಸಾವಂತ್ರಮ್ಮ, ಅಕ್ಕಿ ಆರಿಸುತ್ತಾ.
"ಒಬ್ಬಳು ಎಡಗೈಲೇ ಕುಂಕುಮ ಕೊಡ್ತಿದ್ಲು, ನಂಗಾಗ್ತಿರ್ಲಿಲ್ಲ.
ಹೆಸರೇನೋ. ರಾತ್ರಿ ಹೊತ್ತು ಖಾಲಿ ಮಾಡಿದ್ಲು,
ಅಡ್ವಾನ್ಸು ಕೂಡ ಕೇಳಲಿಲ್ಲ."

ನೂಲಿಗೆ ಎಣ್ಣೆ ಹಚ್ಚಿ ಬಲಕ್ಕೆ ಏಳು ಸುತ್ತು,
ಮೇಲೆ ಟೇಪು. ನಟ್ಟು ನಿಂತ ಮೇಲೆ ಇನ್ನೂ ಕಾಲು ತಿರುವು.
ನೀರು ಬಿಟ್ಟೆ.
ಒಂದು ಹನಿ ಮೂಡಿತು, ದಪ್ಪವಾಯಿತು, ಯೋಚಿಸಿತು.
ಯೋಚಿಸುತ್ತಲೇ ಇತ್ತು.

ಹಸಿರಂಚನ್ನು ಸೋಪಿನಲ್ಲಿ ತಿಕ್ಕಿ, ಹಿಂಡಿ,
ನಾಳೆಯ ಖಾಕಿಯ ಪಕ್ಕ ತಂತಿಗೆ ಹಾಕಿದೆ.
ಗಾಳಿ ಇತ್ತು,
ಎರಡು ಕ್ಲಿಪ್ಪು ಸಿಕ್ಕಿಸಿದೆ.